ಕಡ್ಡಿಯಕ್ಕನ ಒಂಬತ್ತನೇ ಹೂವು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಿಲ ಬಾಗಿಲ ಹಿಂದೆ ನಿಲ್ಲಿಸಿದ್ದ ಪೊರಕೆಯಿಂದ ಆಕೆ ಒಂದು ಕಡ್ಡಿ ಎಳೆಯುತ್ತಾಳೆ. ಬೆರಳುದ್ದಕ್ಕೆ ಮುರಿದು, ತುದಿಯನ್ನು ಒಗೆಯುವ ಕಲ್ಲಿಗೆ ಉಜ್ಜಿ ನಯ ಮಾಡಿ, ಕೆನ್ನೆಗೆ ಒತ್ತಿ ಪರೀಕ್ಷಿಸಿ, ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾಳೆ. ಇನ್ನೊಂದು ಕೈಯಲ್ಲಿ ಮೂರು ಕಾಲಿನ ಮರದ ಸ್ಟೂಲು. ತೋಟದ ಕಡೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಡುಗೆಮನೆಯಿಂದ ತಮ್ಮನ ಹೆಂಡತಿಯ ದನಿ ಬೆನ್ನು ಹತ್ತುತ್ತದೆ.

“ಅಕ್ಕಾ, ಹೂವಿನ ಕಾಲ ಮುಗಿಯೋದ್ರೊಳಗೆ ನನ್ನ ಪೊರಕೇಲಿ ಹಿಡಿ ಮಾತ್ರ ಉಳಿಯುತ್ತೆ ನೋಡಿ!”

“ಕಸ ನಾಳೇನೂ ಇರುತ್ತೆ ಕಣಮ್ಮ. ಹೂ ಇರಲ್ಲ.”

ಇದು ಅತ್ತಿಗೆ-ನಾದಿನಿಯರ ದಿನದ ಸುಪ್ರಭಾತ. ಹದಿನೈದು ವರ್ಷದಿಂದ ಇದೇ ಮಾತು, ಇದೇ ಉತ್ತರ, ಇಬ್ಬರಿಗೂ ಬೇಸರ ಬಂದಿಲ್ಲ. ಊರವರು ಆಕೆಯನ್ನು ಕಡ್ಡಿಯಕ್ಕ ಎನ್ನುತ್ತಾರೆ. ಕಿವಿಯ ಮೇಲಿನ ಕಡ್ಡಿ ನೋಡಿ ಇಟ್ಟ ಹೆಸರೋ, ಆಕೆಯ ಮೈಕಟ್ಟು ನೋಡಿ ಇಟ್ಟ ಹೆಸರೋ ಕೇಳಬೇಡಿ. “ಎರಡೂ ಸರಿಯಾಗೇ ಇದೆಯಲ್ಲ” ಎಂದು ಆಕೆಯೇ ನಗುತ್ತಾಳೆ.

ತೋಟದಲ್ಲಿ ಇನ್ನೂರ ಎಪ್ಪತ್ತೆಂಟು ವೆನಿಲಾ ಬಳ್ಳಿಗಳಿವೆ. ಒಂದೊಂದಕ್ಕೂ ಆಸರೆಯ ಮರ, ಬುಡಕ್ಕೆ ತೆಂಗಿನ ಸಿಪ್ಪೆ, ಒಣಗಿದ ಎಲೆ. ಬಳ್ಳಿಯ ಗೆಣ್ಣುಗಳಲ್ಲಿ ಗೊಂಚಲು ಗೊಂಚಲಾಗಿ ಮೊಗ್ಗು. ಒಂದು ಗೊಂಚಲಿನಲ್ಲಿ ದಿನಕ್ಕೆ ಒಂದೇ ಹೂವು, ಹೆಚ್ಚೆಂದರೆ ಎರಡು ಅರಳುತ್ತದೆ. ತಿಳಿಹಸಿರು ಹಳದಿ ಬಣ್ಣ, ವಾಸನೆ ಅಷ್ಟಕ್ಕಷ್ಟೆ. ನಸುಕಿನಲ್ಲಿ ಬಾಯಿ ತೆರೆದ ಹೂವು ನಡುಹಗಲಿನ ಹೊತ್ತಿಗೆ ಬಾಯಿ ಮುಚ್ಚುತ್ತದೆ. ಅದರ ಬದುಕು ಅಷ್ಟೇ. ಆ ಐದಾರು ಗಂಟೆಯಲ್ಲಿ ಯಾರಾದರೂ ಬಂದು ಅದನ್ನು ‘ಕೂಡಿಸಿದರೆ’ ಕಾಯಿ. ಇಲ್ಲದಿದ್ದರೆ ಮಾರನೇ ದಿನ ತೊಟ್ಟು ಕಳಚಿ ನೆಲಕ್ಕೆ.

ಜೇನುಹುಳ, ದುಂಬಿ ಏನು ಮಾಡುತ್ತವೆ ಎಂದು ಕೇಳಿದರೆ ಕಡ್ಡಿಯಕ್ಕ ತಲೆಯಾಡಿಸುತ್ತಾಳೆ. ಈ ಹೂವಿನ ಗುಟ್ಟು ಬಲ್ಲ ಹುಳ ಈ ಸೀಮೆಯಲ್ಲಿ ಇಲ್ಲ. ಬಂದವು ಮೂಸಿ ನೋಡಿ ಹೋಗುತ್ತವೆ. ಹಾಗಾಗಿ ಹುಳದ ಕೆಲಸ ಮನುಷ್ಯರದ್ದು. ಎಡಗೈಯಲ್ಲಿ ಹೂವನ್ನು ಮಗುವಿನ ಗಲ್ಲ ಹಿಡಿದಂತೆ ಹಿಡಿಯಬೇಕು. ಕಡ್ಡಿಯಿಂದ ಅದರ ತುಟಿ ಸೀಳಬೇಕು. ಒಳಗೆ ಗಂಡಿಗೂ ಹೆಣ್ಣಿಗೂ ನಡುವೆ ಒಂದು ತೆಳು ಪೊರೆ ಅಡ್ಡ ಇರುತ್ತದೆ. ಅದನ್ನು ಕಡ್ಡಿ ತುದಿಯಲ್ಲಿ ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಅಮುಕಬೇಕು. ಹೇಳಿದಷ್ಟು ಹೊತ್ತು ಮಾಡುವುದಕ್ಕೆ ಬೇಕಿಲ್ಲ. ಆಕೆಯ ಕೈಯಲ್ಲಿ ನಿಮಿಷಕ್ಕೆ ನಾಲ್ಕು ಹೂವು ಮುಗಿಯುತ್ತವೆ.

“ಗಟ್ಟಿ ಅಮುಕಿದ್ರೆ ಸತ್ತೋಗುತ್ತೆ. ಮೆಲ್ಲಗೆ ಅಮುಕಿದ್ರೆ ಕೂಡಲ್ಲ. ನಡುವಿನದ್ದು ಯಾವ್ದು ಅಂದ್ರೆ ನಂಗೆ ಹೇಳಕ್ಕೆ ಬರಲ್ಲ, ಬೆರಳಿಗೆ ಗೊತ್ತು” ಎನ್ನುತ್ತಾ ಆಕೆ ಮುಂದಿನ ಗೊಂಚಲಿಗೆ ಕೈ ಹಾಕುತ್ತಾಳೆ.

ಗಣತಿಯವರು ಮನೆಗೆ ಬಂದಾಗ, ಮನೆಯಲ್ಲಿ ಯಾರ್ಯಾರು ಏನೇನು ಕೆಲಸ ಎಂದು ಕೇಳಿದರಂತೆ. ತಮ್ಮ ತನ್ನ ಹೆಸರಿನ ಮುಂದೆ ‘ಬೇಸಾಯ’ ಎಂದು ಬರೆಸಿದ. ಅಕ್ಕನದ್ದು ಕೇಳಿದಾಗ ತಲೆ ಕೆರೆದುಕೊಂಡು, “ಅಕ್ಕ ಮನೇಲಿರ್ತಾಳೆ, ತೋಟದಲ್ಲಿ ಸ್ವಲ್ಪ ಕೈಯಾಡಿಸ್ತಾಳೆ” ಅಂದ. ಅವನಿಗೆ ಅಕ್ಕನೆಂದರೆ ಪ್ರಾಣ, ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಈ ಕೈಯಾಡಿಸುವುದು ಎಂದರೆ ಎಷ್ಟು ಎಂದು ಒಮ್ಮೆ ನೋಡಬೇಕು. ಬಳ್ಳಿಗೆ ಹತ್ತು ಗೊಂಚಲು, ಗೊಂಚಲಿಗೆ ಎಂಟು ಹೂವು, ಎರಡು ತಿಂಗಳ ಹೂವಿನ ಕಾಲದಲ್ಲಿ ಇಪ್ಪತ್ತೆರಡು ಸಾವಿರದ ಮೇಲೆ. ದಿನಕ್ಕೆ ಮುನ್ನೂರು, ನಾನೂರು. ಹೂವು ಉಕ್ಕಿದ ದಿನ ಸಾವಿರ. ಹದಿನೈದು ವರ್ಷದಲ್ಲಿ ಈ ತೋಟದಿಂದ ಹೊರಗೆ ಹೋದ ಒಂದೊಂದು ಕಾಯಿಯೂ ಈಕೆಯ ಹೆಬ್ಬೆರಳನ್ನೋ, ಈಕೆಯ ಮಗಳ ಹೆಬ್ಬೆರಳನ್ನೋ ದಾಟಿಯೇ ಹೋಗಿದೆ. ಇದರ ಜೊತೆಗೆ ಕೋಳಿಗೂಡು, ಎರಡು ಆಡು, ಸೌದೆ, ನೀರು. ಇದಕ್ಕೆಲ್ಲ ‘ಸ್ವಲ್ಪ’ ಎಂಬ ಮಾತು ಕಂಡುಹಿಡಿದವರ ಬಾಯಿಗೆ ಸಕ್ಕರೆ ಹಾಕಬೇಕು!

ಗಂಡ ತೀರಿಕೊಂಡಾಗ ಆಕೆಗೆ ಮೂವತ್ತಮೂರು. ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಒಂದು ಬಟ್ಟೆಗಂಟು ಹಿಡಿದು ತವರಿಗೆ ಬಂದಳು. ತವರಿನವರು ಬಾ ಎಂದರು, ಹಂಗಿಸಲಿಲ್ಲ. ಆದರೂ ಉಣ್ಣುವ ಅನ್ನಕ್ಕೆ ದುಡಿಯದೆ ಕೂರಬಾರದೆಂಬ ಹಟ ಆಕೆಯದೇ. ಮೂರು ವರ್ಷದ ನಂತರ ತಮ್ಮ ಎಲ್ಲಿಂದಲೋ ವೆನಿಲಾ ಬಳ್ಳಿ ತಂದು ನೆಟ್ಟ. ಅದು ಇನ್ನು ಮೂರು ವರ್ಷಕ್ಕೆ ಹೂ ಬಿಟ್ಟಾಗ, ಕೂಡಿಸುವುದು ಹೇಗೆಂದು ತೋರಿಸಲು ಒಬ್ಬರು ಬಂದರು. ತಮ್ಮ ಪ್ರಯತ್ನಿಸಿದ. ಬಾಳೆಗೊನೆ ಹೊರುವ ಕೈ ಅದು, ಹಿಡಿದ ಹೂವೆಲ್ಲ ಹಿಟ್ಟಾಯಿತು. ಅವನ ಹೆಂಡತಿಯ ಕೈಯಲ್ಲಿ ಹತ್ತರಲ್ಲಿ ಮೂರು ಉದುರದೆ ನಿಂತವು. ಕಡ್ಡಿಯಕ್ಕನ ಕೈಯಲ್ಲಿ ಆರು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಎಂಟು ವರ್ಷದ ಮಗಳು, “ನಂಗೊಂದು ಕೊಡಮ್ಮ” ಎಂದು ಕಡ್ಡಿ ಕಿತ್ತುಕೊಂಡಳು. ಅವಳು ಮುಟ್ಟಿದ ಹತ್ತೂ ನಿಂತವು.

ಅಂದಿನಿಂದ ಹನ್ನೊಂದು ವರ್ಷ ತಾಯಿ-ಮಗಳು ಒಟ್ಟಿಗೆ. ಬೆಳಿಗ್ಗೆ ಎದ್ದು ಕೋಳಿ ಬಿಟ್ಟು, ಆಡಿಗೆ ಸೊಪ್ಪು ಹಾಕಿ, ಐವತ್ತು ಹೂವು ಕೂಡಿಸಿ ಮಗಳು ಶಾಲೆಗೆ ಓಡುತ್ತಿದ್ದಳು. ಬೆರಳಿಗೆ ಬಳ್ಳಿಯ ಸೊನೆ ತಾಗಿ ಕೆಂಪಗೆ ತುರಿಸುತ್ತಿತ್ತು. ಪಾಠದ ನಡುವೆ ಕೆರೆದುಕೊಂಡು ಬೈಸಿಕೊಂಡದ್ದೂ ಉಂಟು.

“ಮೊದಮೊದಲು ಕೆಳಗಿನ ಗೊಂಚಲು ಅವಳದ್ದು, ಮೇಲಿನದ್ದು ನಂದು. ಅವಳು ಉದ್ದ ಆದ ಹಾಗೆಲ್ಲ ನಾನು ಕೆಳಗೆ ಇಳಿದೆ. ಕೊನೆಕೊನೆಗೆ ನಾನು ಸ್ಟೂಲ್ ಮೇಲೆ ಕೂತ್ಕೊಂಡೇ ಮಾಡ್ತಿದ್ದೆ, ಅವಳು ನನ್ನ ತಲೆ ಮೇಲೆ ಕೈ ಚಾಚಿ ಮಾಡೋಳು. ಈಗ ಅದೇ ಸ್ಟೂಲ್ ಹತ್ತಿ ನಿಲ್ತೀನಿ.” ಹೀಗೆ ಹೇಳುವಾಗ ಆಕೆ ಸ್ಟೂಲಿನ ಮೇಲೆ ನಿಂತೇ ಇರುತ್ತಾಳೆ, ಕೆಳಗೆ ನೋಡುವುದಿಲ್ಲ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನೇಮವಿದೆ. ಗೊಂಚಲಿನಲ್ಲಿ ಹದಿನೆಂಟು, ಇಪ್ಪತ್ತು ಮೊಗ್ಗಿದ್ದರೂ ಎಂಟನ್ನು ಮಾತ್ರ ಕೂಡಿಸಬೇಕು. ಎಂಟಾದ ಮೇಲೆ ತುದಿಯ ಮೊಗ್ಗುಗಳನ್ನು ಉಗುರಿನಿಂದ ಚಿವುಟಬೇಕು. ಇಲ್ಲವಾದರೆ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಕಾಯಿಗಳಿಗೆ ಬಸಿದು ಕೊಟ್ಟು, ತಾನು ಒಣಗಿ ಸಾಯುತ್ತದೆ. ಕಾಯಿ ಬಲಿಯಲು ಒಂಬತ್ತು ತಿಂಗಳು. ಅಷ್ಟು ದಿನ ಹೊರಲಾರದ ಭಾರವನ್ನು ಬೇಡ ಎನ್ನಲು ಬಳ್ಳಿಗೆ ಬಾಯಿಲ್ಲ. ಯಾವ ಗೊಂಚಲು ಮುಗಿಯಿತು, ಯಾವುದು ಬಾಕಿ ಎಂದು ತಿಳಿಯಲು ಮಗಳು ಒಂದು ಉಪಾಯ ಹುಡುಕಿದ್ದಳು. ಎಂಟು ಮುಗಿದ ಗೊಂಚಲಿಗೆ ಬಾಳೆನಾರಿನ ಒಂದು ಗಂಟು. ನಾರು ಕಟ್ಟಿದ್ದನ್ನು ಮತ್ತೆ ಮುಟ್ಟುವಂತಿಲ್ಲ. ಈಗ ಸುತ್ತಲಿನ ತೋಟದವರೆಲ್ಲ ಹಾಗೆಯೇ ಕಟ್ಟುತ್ತಾರೆ, ಯಾರು ಶುರು ಮಾಡಿದ್ದೆಂದು ಯಾರಿಗೂ ನೆನಪಿಲ್ಲ.

ತೋಟದ ಮೂಡಣ ಅಂಚಿನಲ್ಲಿ, ನೀರು ಹರಿಯುವ ತೋಡಿನ ಪಕ್ಕಕ್ಕೆ ಒಂದು ಸಾಲು ಬರಿದಾಗಿದೆ. ಇಪ್ಪತ್ತೆರಡು ಆಸರೆ ಮರಗಳಿವೆ, ಬಳ್ಳಿ ಇಲ್ಲ. ಅದು ಮಗಳ ಸಾಲು. ಹನ್ನೆರಡರ ವಯಸ್ಸಿನಲ್ಲಿ ತಾನೇ ತುಂಡು ಕತ್ತರಿಸಿ, ತಾನೇ ನೆಟ್ಟು ಬೆಳೆಸಿದ್ದು.

ನಾಲ್ಕು ವರ್ಷದ ಹಿಂದೆ, ಹೂವಿನ ಕಾಲ ನಡುವಿಗೆ ಬಂದಿದ್ದಾಗ ಮಗಳಿಗೆ ಜ್ವರ ಹಿಡಿಯಿತು. ಹತ್ತೊಂಬತ್ತು ವರ್ಷದ ಗಟ್ಟಿಮುಟ್ಟು ಹುಡುಗಿ, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡರು. ಇಳಿಯಲಿಲ್ಲ. ಪೇಟೆಯ ಆಸ್ಪತ್ರೆಗೆ ಸೇರಿಸಿದರು. ತಾಯಿ ಐದು ದಿನ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಆರನೆಯ ಬೆಳಿಗ್ಗೆ ಜ್ವರ ಸ್ವಲ್ಪ ತಗ್ಗಿತ್ತು. ಮಗಳು ಎದ್ದು ಕೂತು ಎರಡು ಗುಟುಕು ಗಂಜಿ ಕುಡಿದಳು. ಕುಡಿದು ಅಮ್ಮನಿಗೆ ಹೇಳಿದ್ದು ಹೂವಿನ ಮಾತು.

“‘ನನ್ನ ಸಾಲಲ್ಲಿ ಇವತ್ತು ಜಾಸ್ತಿ ಅರಳಿರುತ್ತೆ. ಹೋಗಿ ಮುಗಿಸ್ಕೊಂಡು ಬಾಮ್ಮ, ಮಧ್ಯಾಹ್ನಕ್ಕೆ ಬಂದ್ಬಿಡು, ಅತ್ತೆ ಇರ್ತಾರಲ್ಲ’ ಅಂದ್ಲು. ನಾನು ಹೋದೆ. ಹೋಗಲ್ಲ ಅಂದಿದ್ರೆ ಆಗ್ತಿತ್ತು. ಹೂವಿಗೇನು, ನಾಳೆ ಬೇರೆ ಅರಳುತ್ತಿತ್ತು. ನಾನು ಹೋದೆ.”

ಹತ್ತು ಗಂಟೆಯ ಸುಮಾರಿಗೆ ಹದಿನಾಲ್ಕನೆಯ ಬಳ್ಳಿಯಲ್ಲಿದ್ದಳು. ಸಾಲಿನ ತುದಿಯಲ್ಲಿ ತಮ್ಮ ಬಂದು ನಿಂತ. ಕೂಗಲಿಲ್ಲ, ಹತ್ತಿರ ಬರಲಿಲ್ಲ, ಎರಡೂ ಕೈ ಜೋತುಬಿದ್ದಿದ್ದವು.

“ಅವನ್ನ ನೋಡಿದ ಕೂಡ್ಲೆ ಗೊತ್ತಾಯ್ತು. ಬೆರಳಲ್ಲಿ ಒಂದು ಹೂ ಹಿಡ್ಕೊಂಡಿದ್ದೆ, ಅದನ್ನ ಮುಗಿಸಿದೆ. ಆಮೇಲೆ ಸ್ಟೂಲಿಂದ ಇಳಿದೆ. ಯಾಕೆ ಮುಗಿಸಿದೆ ಅಂತ ಇವತ್ತಿಗೂ ಗೊತ್ತಿಲ್ಲ.”

ಮಣ್ಣು ಮಾಡಿ ಬಂದ ಮೂರನೆಯ ಬೆಳಿಗ್ಗೆ ಆಕೆ ಮತ್ತೆ ತೋಟಕ್ಕಿಳಿದಳು. ಮನೆಯವರು ತಡೆಯಲಿಲ್ಲ, ಕೆಲಸದಲ್ಲಿ ಮನಸ್ಸು ಹಗುರಾಗಲಿ ಎಂದುಕೊಂಡರು. ಆಕೆ ನೇರ ಮಗಳ ಸಾಲಿಗೆ ಹೋದಳು. ಅಲ್ಲಿ ಅರಳಿದ್ದ ಒಂದು ಹೂವನ್ನೂ ಬಿಡದೆ ಕೂಡಿಸಿದಳು. ಮಾರನೇ ದಿನವೂ ಹಾಗೆಯೇ. ಎಂಟರ ನೇಮ ಇಲ್ಲ, ಮೊಗ್ಗು ಚಿವುಟುವುದು ಇಲ್ಲ. ಮಗಳೇ ಕಟ್ಟಿದ್ದ ಬಾಳೆನಾರನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಗಿದ ಗೊಂಚಲಿನಲ್ಲಿ ಚಿವುಟದೆ ಉಳಿದಿದ್ದ ಹೂವಿಗೂ ಕಡ್ಡಿ ಹಾಕಿದಳು. ಮೂರು ವಾರ, ಹೂವಿನ ಕಾಲ ಮುಗಿಯುವವರೆಗೆ, ಆ ಸಾಲಿನಲ್ಲಿ ಒಂದು ಹೂವೂ ನೆಲಕ್ಕೆ ಬೀಳಲಿಲ್ಲ.

“ಉದುರೋದು ನೋಡಕ್ಕೆ ಆಗ್ತಿರ್ಲಿಲ್ಲ ನಂಗೆ. ಬಳ್ಳಿ ಸಾಯುತ್ತೆ ಅಂತ ಗೊತ್ತಿರ್ಲಿಲ್ವಾ? ಊರಿಗೆಲ್ಲ ಹೇಳ್ಕೊಟ್ಟೋಳು ನಾನೇ. ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ.”

ತಮ್ಮನಿಗೂ ಗೊತ್ತಿತ್ತು. ಬೆಳಿಗ್ಗೆ ನೀರು ತಿರುಗಿಸಲು ಹೋದವನು ಕಾಯಿ ಕಿಕ್ಕಿರಿದ ಗೊಂಚಲುಗಳನ್ನು ನೋಡಿದ್ದ, ಬಿಚ್ಚಿದ ನಾರನ್ನೂ ನೋಡಿದ್ದ. “ಹೇಳ್ಬೇಕಿತ್ತು” ಎಂದು ಅವನು ಈಗ ಕತ್ತು ಬಗ್ಗಿಸುತ್ತಾನೆ. “ಯಾವ ಬಾಯಲ್ಲಿ ಹೇಳ್ಲಿ? ಅಕ್ಕಂಗೆ ಉಳಿದಿದ್ದು ಅದೊಂದು ಸಾಲು. ಬಿಡು ಅಕ್ಕ, ಕೈ ತೆಗಿ ಅಂತ ಹೇಗೆ ಹೇಳೋದು?”

ಆ ವರ್ಷ ಆ ಸಾಲಿನಲ್ಲಿ ಕಂಡುಕೇಳರಿಯದ ಫಸಲು. ಬಳ್ಳಿಯೇ ಕಾಣದಷ್ಟು ಹಸಿರು ಕೋಡುಗಳು ಜೋತಾಡಿದವು. ದಾರಿಯಲ್ಲಿ ಹೋಗುವವರು ಬೇಲಿಯ ಬಳಿ ನಿಂತು ನೋಡಿದರು. ಕಾಯಿ ಬಲಿಯುತ್ತಾ ಬಂದಂತೆ ಎಲೆ ಹಳದಿಯಾಯಿತು, ಬಳ್ಳಿ ಸುಕ್ಕುಗಟ್ಟಿತು, ಬುಡ ಕೊಳೆಯಿತು. ಕೊಯ್ಲು ಮುಗಿದು ಮೊದಲ ಮಳೆ ಬೀಳುವಷ್ಟರಲ್ಲಿ ಇಪ್ಪತ್ತೆರಡೂ ಸತ್ತವು. ಬೇಲಿಯ ಬಳಿ ನಿಂತು ಬಾಯಿ ಚಪ್ಪರಿಸಿದವರೇ ಆಗ, “ಅತಿಯಾಸೆ ಗತಿಗೇಡು” ಎಂದರು. ಮಗಳು ಸತ್ತ ಮೂರೇ ದಿನಕ್ಕೆ ಫಸಲಿನ ಆಸೆ ನೋಡಿ ಎಂದರು. ಆಕೆಯ ಕಿವಿಗೂ ಬಿತ್ತು. ಆಡುವವರ ಬಾಯಿಗೆ ಬೀಗ ಹಾಕಲಾಗದು ಎಂಬುದು ನಿಜವೇ, ಆದರೆ ಆ ಮಾತು ಆಡಿದವರನ್ನು ಕ್ಷಮಿಸಲು ಈ ಬರಹಕ್ಕಂತೂ ಮನಸ್ಸಿಲ್ಲ. “ಆಸೆ ಅಂತಾನೇ ಅಂದ್ಕೊಳ್ಳಲಿ ಬಿಡಿ. ಬಳ್ಳಿ ಕೊಂದಿದ್ದಂತೂ ನಾನೇ ತಾನೇ” ಎನ್ನುತ್ತಾಳೆ. ಆಮೇಲೆ ಉಳಿದ ಸಾಲುಗಳಲ್ಲಿ ಆಕೆಯ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಆ ಬರಿದಾದ ಸಾಲಿನಲ್ಲಿ ಹೊಸದಾಗಿ ನೆಡಲು ಮಾತ್ರ ಬಿಡಲಿಲ್ಲ.

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಮ್ಮ ಒಂದು ಕೆಲಸ ಮಾಡಿದ್ದ. ಸಾಲು ಸಾಯುತ್ತಿದ್ದಾಗ, ಕೊನೆಯ ಬಳ್ಳಿಯ ತುದಿಯೊಂದು ಪಕ್ಕದ ಮರಕ್ಕೆ ದಾಟಿ ಇನ್ನೂ ಹಸಿರಾಗಿ ಉಳಿದಿದ್ದನ್ನು ನೋಡಿ, ಮೊಳದುದ್ದ ಕತ್ತರಿಸಿ ತಂದು ಆಡಿನ ಕೊಟ್ಟಿಗೆಯ ಹಿಂದಿನ ಮರಕ್ಕೆ ಹಬ್ಬಿಸಿದ್ದ. ಯಾರಿಗೂ ಹೇಳಲಿಲ್ಲ. ಬದುಕುತ್ತದೋ ಇಲ್ಲವೋ, ಇನ್ನೊಮ್ಮೆ ಸತ್ತರೆ ಅಕ್ಕ ತಡೆದುಕೊಳ್ಳುತ್ತಾಳೋ ಇಲ್ಲವೋ ಎಂಬ ಅಂಜಿಕೆ. ಮೂರು ವರ್ಷ ಆಕೆ ಅದರ ಬುಡಕ್ಕೆ ಗೊಬ್ಬರ ಹಾಕಿದ್ದಾಳೆ, ಯಾವುದೋ ಒಂದು ಬಳ್ಳಿ ಎಂದುಕೊಂಡು. ಈ ವರ್ಷ ಅದರಲ್ಲಿ ಮೊದಲ ಗೊಂಚಲು ಮೂಡಿತು. ಒಂದೇ ಒಂದು. ಅಂದು ತಮ್ಮ ಅಕ್ಕನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ, “ಇದು ಅವಳ ಸಾಲಿಂದೇ ಅಕ್ಕ” ಎಂದ. ಆಕೆ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಸವರಿದಳಂತೆ. ಆಮೇಲೆ ತಮ್ಮನ ಬೆನ್ನಿಗೆ ಎರಡು ಗುದ್ದಿ, ಅಲ್ಲೇ ಕೂತು ಅತ್ತಳಂತೆ.

ಮೊದಲ ಹೂವು ಅರಳಿದ ದಿನದಿಂದ ಮನೆಯವರ ಕಣ್ಣು ಅದರ ಮೇಲೆಯೇ. ಎಳೆ ಬಳ್ಳಿ, ಗೊಂಚಲಿನಲ್ಲಿ ಹತ್ತೊಂಬತ್ತು ಮೊಗ್ಗು. ಎಂಟಕ್ಕೆ ಆಕೆಯ ಕೈ ನಿಂತರೆ ಬಳ್ಳಿ ಉಳಿಯುತ್ತದೆ. ನಿಲ್ಲದಿದ್ದರೆ ಮಗಳು ನೆಟ್ಟದ್ದರಲ್ಲಿ ಉಳಿದಿರುವ ಇದೊಂದೂ ಹೋಗುತ್ತದೆ, ಅದರ ಹಿಂದೆ ಅಕ್ಕನೂ ಹೋಗುತ್ತಾಳೆ ಎಂದು ತಮ್ಮನ ಹೆಂಡತಿ ಹೆದರಿದ್ದಾಳೆ. ದಿನಕ್ಕೊಂದರಂತೆ ಎಂಟು ಬೆಳಿಗ್ಗೆ ಎಂಟು ಹೂವು ಕೂಡಿಸಿಯಾಗಿದೆ. ಎಂಟೂ ನಿಂತಿವೆ. ನಿನ್ನೆ ಸಂಜೆ ತಮ್ಮ ತುದಿ ಚಿವುಟಲು ಉಗುರು ಚಾಚಿದಾಗ, ಅಕ್ಕ ಅವನ ಕೈ ಹಿಡಿದಳು.

“ಚಿವುಟ್ಬೇಡ. ಅರಳಲಿ.”

“ಅಕ್ಕ, ಎಂಟಾಯ್ತು.”

“ಎಂಟಾಗಿದ್ದು ನಂಗೊತ್ತು. ಬೀಳೋದಾದ್ರೆ ಅರಳಿ ಬೀಳಲಿ.”

ಅಣ್ಣ-ತಂಗಿಯರಾದರೆ ಜಗಳವಾಡಿ ಗೆಲ್ಲಬಹುದು. ಅಕ್ಕನ ಎದುರು ತಮ್ಮಂದಿರ ಬೇಳೆ ಬೇಯುವುದಿಲ್ಲ. ಅವನು ಕೈ ಹಿಂದೆಗೆದ. ಆದರೆ ಗಂಡ-ಹೆಂಡತಿ ಇಬ್ಬರಿಗೂ ಸರಿಯಾಗಿ ನಿದ್ದೆ ಬಂದಿಲ್ಲ.

ಇಂದು ಒಂಬತ್ತನೆಯದು ಅರಳಿದೆ. ಹೊತ್ತು ಒಂಬತ್ತಕ್ಕೆ ಬಂದಿದೆ. ತೋಟದಲ್ಲಿ ಮುನ್ನೂರ ಹತ್ತು ಹೂವು ಮುಗಿಸಿ, ಇನ್ನೆರಡು ಸಾಲು ಬಾಕಿ ಇರುವಾಗಲೇ ಕಡ್ಡಿಯಕ್ಕ ಸ್ಟೂಲು ಎತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಬರುತ್ತಾಳೆ. ತಮ್ಮ ಅಲ್ಲಿ ಹರಿತವಾಗಿಯೇ ಇರುವ ಕುಡುಗೋಲನ್ನು ಮತ್ತೆ ಮಸೆಯುತ್ತಿದ್ದಾನೆ. ಅವನ ಹೆಂಡತಿ ಆಗಲೇ ತೊಳೆದ ಪಾತ್ರೆಯನ್ನು ಇನ್ನೊಮ್ಮೆ ತೊಳೆಯುತ್ತಿದ್ದಾಳೆ. ಇಬ್ಬರೂ ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದಾರೆ.

ಆಕೆ ಹೂವಿನ ಮುಂದೆ ನಿಲ್ಲುತ್ತಾಳೆ. ಎಡಗೈ ತಾನಾಗಿ ಮೇಲೇಳುತ್ತದೆ, ಹೂವನ್ನು ಗಲ್ಲ ಹಿಡಿದಂತೆ ಹಿಡಿಯುತ್ತದೆ. ಬಲಗೈ ಕಿವಿಯ ಮೇಲಿನ ಕಡ್ಡಿಗೆ ಹೋಗುತ್ತದೆ. ಕುಡುಗೋಲಿನ ಸದ್ದು ನಿಲ್ಲುತ್ತದೆ. ಆಕೆ ಕಡ್ಡಿ ತೆಗೆದು, ತಿರುಗಿ, ತಮ್ಮನ ಕಡೆ ಚಾಚುತ್ತಾಳೆ.

“ಬಾಕಿ ಎರಡು ಸಾಲು ನೀವಿಬ್ರೂ ಮಾಡ್ಕೊಂಡು ಬನ್ನಿ.”

“ನಾನಾ? ನನ್ನ ಕೈಯಲ್ಲಿ ಅರ್ಧಕ್ಕರ್ಧ ಹಾಳಾಗುತ್ತಲ್ಲ ಅಕ್ಕ!”

“ಆಗಲಿ ಬಿಡು.”

ಹದಿನೈದು ವರ್ಷದಲ್ಲಿ ಹೂವಿನ ವಿಷಯಕ್ಕೆ ಆಕೆಯ ಬಾಯಿಂದ ಬರದ ಮಾತು ಅದು. ತಮ್ಮ ಕಡ್ಡಿಯನ್ನು ತನ್ನ ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ. ಹೆಂಡತಿ ಪೊರಕೆಯಿಂದ ತನಗೊಂದು ಎಳೆದುಕೊಳ್ಳುತ್ತಾಳೆ, ಇಂದು ಪೊರಕೆಯ ಚಿಂತೆ ಅವಳಿಗಿಲ್ಲ. ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾ ತೋಟಕ್ಕಿಳಿಯುತ್ತಾರೆ. ಕಡ್ಡಿಯಕ್ಕ ಬಳ್ಳಿಯ ಬುಡದಲ್ಲಿ ಸ್ಟೂಲು ಹಾಕಿ, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಬಿಸಿಲು ಮರದ ಎಲೆಗಳ ನಡುವಿನಿಂದ ಇಳಿದು ಹೂವಿನ ಮೇಲೆ ಬಿದ್ದಿದೆ. ಇನ್ನೂ ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ.

ಇಲ್ಲೇ ಕೂತಿರುತ್ತೀರಾ ಎಂದು ಕೇಳಿದರೆ, ಆಕೆ ಹೂವಿನಿಂದ ಕಣ್ಣು ತೆಗೆಯದೆ ಹೇಳುತ್ತಾಳೆ:

“ಹ್ಞೂಂ. ಇದನ್ನ ಮುಟ್ಟಲ್ಲ. ಮುಚ್ಚೋತನಕ ಪಕ್ಕದಲ್ಲಿ ಇರ್ತೀನಿ, ಅಷ್ಟೆ. ಅವತ್ತು ಇರ್ಲಿಲ್ಲ ನಾನು.”